ಏರ್ ರೈಫಲ್, ಸ್ಮಾಲ್ ಬೋರ್ ರೈಫಲ್ ಮತ್ತು ಗುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ರೇಂಜಿಗೆ, ಅಂದರೆ ಗುರಿ ಹೊಡೆಯುವ ಜಾಗಕ್ಕೆ, ಮೊದಲ ಬಾರಿ ಕಾಲಿಡುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ: ಎಷ್ಟು ಜೋರಾಗಿ ಹೊಡೆಯುವ ಬಂದೂಕು ಕೊಳ್ಳಬೇಕು, ಯಾವ ಸ್ಕೋಪ್ ಹಾಕಿಸಬೇಕು, ಎಷ್ಟು ದೂರಕ್ಕೆ ಹೊಡೆಯಬಹುದು. ಕೆಲವು ತಿಂಗಳು ಬಿಡದೆ ಅಭ್ಯಾಸ ಮಾಡಿದವರು ಬೇರೆಯದೇ ಪ್ರಶ್ನೆಗಳನ್ನು ತರುತ್ತಾರೆ: ಉಸಿರನ್ನು ಎಲ್ಲಿ ನಿಲ್ಲಿಸಲಿ, ಎಡಪಾದ ಎಷ್ಟು ತಿರುಗಿರಲಿ, ಮೂರನೆಯ ಗುಂಡು ಯಾವಾಗಲೂ ಏಕೆ ಬಲಕ್ಕೆ ಜಾರುತ್ತದೆ. ಮೊದಲ ಬಗೆಯವರು ಬೇಗ ಎರಡನೆಯ ಬಗೆಯವರಾಗಲಿ ಎಂಬ ಆಸೆಯಿಂದ ಈ ಉತ್ತರಗಳನ್ನು ಬರೆದಿದ್ದೇನೆ. ಇಲ್ಲಿರುವುದು ಕಾಗದದ ಗುರಿ ಮತ್ತು ಲೋಹದ ಫಲಕಗಳ ಮಾತು ಮಾತ್ರ. ಬೇಟೆಯ ವಿಷಯ ಇಲ್ಲಿಲ್ಲ.

ಏರ್ ರೈಫಲ್ ಎಂದರೆ ದೊಡ್ಡವರ ಆಟಿಕೆಯಲ್ಲವೇ?

ಅಲ್ಲ. ಪಂದ್ಯಗಳಲ್ಲಿ ಬಳಸುವ ಏರ್ ರೈಫಲ್‌ನ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ತೂಗುವುದು ಅರ್ಧ ಗ್ರಾಂ ಮಾತ್ರ. ಆದರೆ ಅದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬೀಳುತ್ತದೆ. ಆ ವೇಗಕ್ಕೆ ಕಣ್ಣು ಉಳಿಯುವುದಿಲ್ಲ. ಹತ್ತಿರದಿಂದ ಬಡಿದರೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಇನ್ನೂ ಹೆಚ್ಚು ಶಕ್ತಿಯ ಏರ್ ರೈಫಲ್‌ಗಳಿಂದ ಪ್ರಾಣವೂ ಹೋಗಬಹುದು. ಸದ್ದು ಕಡಿಮೆ, ಒದೆತ ಕಡಿಮೆ ಎಂಬ ಕಾರಣಕ್ಕೆ ಜನ ಇದನ್ನು ಹಗುರವಾಗಿ ನೋಡುತ್ತಾರೆ. ರೇಂಜಿನಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ಮಾತು "ಇದು ಬರೀ ಏರ್ ಗನ್" ಎಂಬುದೇ.

ಹಾಗಾದರೆ ಸ್ಮಾಲ್ ಬೋರ್ ಎಂದರೇನು?

5.6 ಮಿಲಿಮೀಟರ್ ವ್ಯಾಸದ ಗುಂಡು ಹಾರಿಸುವ ರೈಫಲ್. ರೂಢಿಯಲ್ಲಿ ಪಾಯಿಂಟ್ 22 ಎನ್ನುತ್ತಾರೆ. ಇದರ ಕಾಡತೂಸು 1887ರಿಂದ ಬಳಕೆಯಲ್ಲಿದೆ. ಕಾಡತೂಸಿನ ಬುಡದ ಅಂಚಿನೊಳಗೆ ಸ್ಫೋಟಕ ತುಂಬಿರುತ್ತದೆ; ಬಂದೂಕಿನ ಸೂಜಿ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ಗುಂಡಿನ ತೂಕ ಸುಮಾರು 2.6 ಗ್ರಾಂ, ಪಂದ್ಯದ ಗುಂಡಿನ ವೇಗ ಸೆಕೆಂಡಿಗೆ 320ರಿಂದ 330 ಮೀಟರ್. ಲೆಕ್ಕ ಹಾಕಿದರೆ ಅದರ ಶಕ್ತಿ ಪಂದ್ಯದ ಏರ್ ರೈಫಲ್‌ನ ಪೆಲೆಟ್‌ಗಿಂತ ಹದಿನೈದು ಪಟ್ಟಿಗೂ ಹೆಚ್ಚು. ತಡೆಯಿಲ್ಲದ ಬಯಲಿನಲ್ಲಿ ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ತನಕ ಹೋಗಬಲ್ಲದು. ಆದ್ದರಿಂದ ಸ್ಮಾಲ್ ಬೋರ್‌ನ ಜಾಗ ಗಟ್ಟಿ ಮಣ್ಣಿನ ದಿಬ್ಬವೋ ಸರಿಯಾಗಿ ಕಟ್ಟಿದ ತಡೆಗೋಡೆಯೋ ಇರುವ ರೇಂಜು ಮಾತ್ರ.

ಸುರಕ್ಷತೆಯ ನಿಯಮಗಳು ಯಾವುವು?

ನಾಲ್ಕೇ ನಿಯಮ. ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡು ಇದೆ ಎಂದೇ ತಿಳಿದು ನಡೆದುಕೊಳ್ಳಿ. ಹೊಡೆಯಲು ಬಯಸದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗದಿರಲಿ. ಗುರಿ ಕೂಡುವವರೆಗೆ ಬೆರಳು ಟ್ರಿಗರ್‌ನ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ಗೊತ್ತಿರಲಿ.

ಇವನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು, ಕೈಗೆ ಇಳಿಯಲು ತಿಂಗಳುಗಳು ಬೇಕು. ಕಷ್ಟ ಬರುವುದು ಮಾತನಾಡುವಾಗ. ಪಕ್ಕದವರು ಹೆಸರು ಹಿಡಿದು ಕರೆದರೆ ನಾವು ಇಡೀ ಮೈಯನ್ನು ತಿರುಗಿಸುತ್ತೇವೆ, ಕೈಯಲ್ಲಿರುವ ರೈಫಲ್ ಕೂಡ ಜೊತೆಗೆ ತಿರುಗುತ್ತದೆ. ನಾನು ಕಲಿಸುವಾಗ ಹೊಸಬರನ್ನು ಬೇಕೆಂದೇ ಹಿಂದಿನಿಂದ ಕರೆಯುತ್ತೇನೆ. ಮೊದಲ ದಿನ ಹತ್ತರಲ್ಲಿ ಎಂಟು ಮಂದಿ ನಳಿಗೆಯನ್ನು ನನ್ನ ಕಡೆಗೇ ತಿರುಗಿಸುತ್ತಾರೆ. ಬಂದೂಕು ಖಾಲಿಯಿರುತ್ತದೆ, ನಾನೇ ನೋಡಿ ಕೊಟ್ಟಿರುತ್ತೇನೆ. ಆದರೂ ಅವರ ಮುಖ ಬಿಳಿಚಿಕೊಳ್ಳುತ್ತದೆ. ಆ ಒಂದು ಕ್ಷಣ ಕಲಿಸುವುದನ್ನು ನನ್ನ ಯಾವ ಭಾಷಣವೂ ಕಲಿಸಿಲ್ಲ.

ರೈಫಲ್ ಕೆಳಗಿಡುವಾಗ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟ್ ತೆರೆದಿರಬೇಕು, ನಳಿಗೆಯೊಳಗೆ ಬಣ್ಣದ ಸುರಕ್ಷತಾ ಎಳೆ ಹಾಕಿರಬೇಕು. ಯಾರಾದರೂ ಗುರಿಯ ಕಡೆ ಹೋಗಿದ್ದರೆ ಬಂದೂಕನ್ನು ಮುಟ್ಟಲೇಬಾರದು. ಒರೆಸುವುದಕ್ಕೂ ಇಲ್ಲ, ಪಕ್ಕಕ್ಕೆ ಸರಿಸುವುದಕ್ಕೂ ಇಲ್ಲ. "ನಿಲ್ಲಿಸಿ" ಎಂದು ಯಾರು ಕೂಗಿದರೂ, ಅದು ಹತ್ತು ವರ್ಷದ ಮಗುವಾದರೂ, ಎಲ್ಲರೂ ಆ ಕ್ಷಣವೇ ನಿಲ್ಲಿಸಬೇಕು. ಬಂದೂಕಿನ ಸೇಫ್ಟಿಯನ್ನು ಬಳಸಿ, ಆದರೆ ಅದನ್ನು ನಂಬಿ ನಡೆಯಬೇಡಿ. ಅದೂ ಸವೆಯುವ ಒಂದು ಲೋಹದ ತುಂಡು.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕೇ ಬೇಕೇ?

ಕನ್ನಡಕ ಎಲ್ಲರಿಗೂ ಬೇಕು, ಪಕ್ಕದಲ್ಲಿ ನಿಂತು ನೋಡುವವರಿಗೂ. ಸೀಸದ ಪೆಲೆಟ್ ಗಟ್ಟಿ ವಸ್ತುವಿಗೆ ಬಡಿದರೆ ಚಪ್ಪಟೆಯಾಗಿ ಚೂರು ಸಿಡಿಯುತ್ತದೆ. ಉಕ್ಕಿನ ಗೋಲಿಗಳು ಇನ್ನೂ ಅಪಾಯಕಾರಿ. ಅವು ಚಪ್ಪಟೆಯಾಗದೆ ಬಂದ ದಾರಿಯಲ್ಲೇ ಹಿಂದಕ್ಕೆ ಪುಟಿಯುತ್ತವೆ. ಲೋಹದ ಫಲಕಕ್ಕೆ ಉಕ್ಕಿನ ಗೋಲಿಯನ್ನು ಹೊಡೆಯಲೇಬೇಡಿ. ಕಿವಿಯ ರಕ್ಷಣೆ ಸ್ಮಾಲ್ ಬೋರ್‌ಗೆ ಕಡ್ಡಾಯ. ಅದರ ಸದ್ದು ಕಿವಿಗೆ ಚಿಕ್ಕದೆನ್ನಿಸಿದರೂ ಮಾಡುವ ಹಾನಿ ಕೂಡುತ್ತಾ ಹೋಗುತ್ತದೆ, ಹೋದ ಕೇಳುವಿಕೆ ಮರಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಏರ್ ರೈಫಲ್‌ಗೂ ನಾನು ಹತ್ತಿಯಂತಹ ಇಯರ್ ಪ್ಲಗ್ ಹಾಕಿಕೊಳ್ಳುತ್ತೇನೆ.

ಮೊದಲಿಗೆ ಯಾವ ಬಗೆಯ ಏರ್ ರೈಫಲ್ ಒಳ್ಳೆಯದು?

ಇದಕ್ಕೆ ಉತ್ತರಿಸಲು ಒಳಗಿನ ಯಂತ್ರವನ್ನು ಸ್ವಲ್ಪ ನೋಡಬೇಕು.

ಸ್ಪ್ರಿಂಗ್ ರೈಫಲ್‌ನಲ್ಲಿ ನಳಿಗೆಯನ್ನೋ ಪಕ್ಕದ ಸನ್ನೆಯನ್ನೋ ಎಳೆದಾಗ ಬಲವಾದ ಸ್ಪ್ರಿಂಗ್ ಅಮುಕಿಕೊಂಡು ಕೂರುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಸಿಲಿಂಡರ್ ಇಲ್ಲ, ಪಂಪ್ ಇಲ್ಲ, ವರ್ಷಗಟ್ಟಲೆ ಬಾಳುತ್ತದೆ. ತೊಂದರೆ ಎಂದರೆ ಭಾರದ ಪಿಸ್ಟನ್ ಓಡುವಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಹಾರುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಕುಲುಕಾಟ ಶುರುವಾಗಿರುತ್ತದೆ. ಆದ್ದರಿಂದ ಇದನ್ನು ಬಿಗಿಹಿಡಿದರೆ ಗುಂಡು ಚದುರುತ್ತದೆ. ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಪ್ರತಿ ಬಾರಿಯೂ ಒಂದೇ ರೀತಿ ಕುಲುಕಲು ಬಿಡಬೇಕು. ಸಾಧಾರಣ ಸ್ಕೋಪ್‌ಗಳು ಈ ಎರಡು ದಿಕ್ಕಿನ ಹೊಡೆತ ತಾಳದೆ ಒಳಗೇ ಕಳಚಿಕೊಳ್ಳುತ್ತವೆ. ಸ್ಪ್ರಿಂಗ್ ಬದಲು ಅದುಮಿದ ಅನಿಲ ತುಂಬಿದ ಗ್ಯಾಸ್ ಪಿಸ್ಟನ್ ಬಂದೂಕುಗಳೂ ಇವೆ. ಅವುಗಳ ಸ್ವಭಾವವೂ ಹೆಚ್ಚು ಕಡಿಮೆ ಇದೇ.

ಒಂದೇ ಎಳೆತದಲ್ಲಿ ಗಾಳಿ ತುಂಬಿಕೊಳ್ಳುವ ಬಂದೂಕುಗಳು ಹತ್ತು ಮೀಟರ್‌ಗೆ ಸಾಕಾಗುವಷ್ಟು ಶಕ್ತಿಯನ್ನು ಒದೆತವೇ ಇಲ್ಲದೆ ಕೊಡುತ್ತವೆ. ಹಳೆಯದೊಂದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎನ್ನುತ್ತೇನೆ, ವಾಷರ್ ಮಾತ್ರ ಹೊಸದಾಗಿ ಹಾಕಿಸಿ. ಇಂದಿನ ಪಂದ್ಯಗಳಲ್ಲಿ ಎಲ್ಲೆಡೆ ಕಾಣುವುದು ಮುಂಚೆಯೇ ಗಾಳಿ ತುಂಬಿದ ಸಿಲಿಂಡರ್‌ನ ರೈಫಲ್. ಪಂದ್ಯದ ಮಾದರಿಗಳಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡ ಇರುತ್ತದೆ. ಹೊಡೆತದಿಂದ ಹೊಡೆತಕ್ಕೆ ವೇಗ ಬದಲಾಗುವುದಿಲ್ಲ, ಮೈ ಅಲುಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿದವು ಅಗ್ಗ, ಆದರೆ ತಾಪಮಾನ ಇಳಿದರೆ ಅನಿಲದ ಒತ್ತಡ ಇಳಿಯುತ್ತದೆ, ಗುಂಡು ಕೆಳಗೆ ಬೀಳುತ್ತದೆ.

ನನ್ನ ಸಲಹೆ: ಕ್ಲಬ್ಬಿನ ರೈಫಲ್‌ಗಳಲ್ಲಿ ಕೆಲವು ವಾರ ಹೊಡೆದು ನೋಡಿ, ಆಮೇಲೆ ಕೊಳ್ಳಿ. ಸ್ಪ್ರಿಂಗ್ ರೈಫಲ್‌ನಲ್ಲಿ ಕಲಿತವರ ಹಿಡಿತ ಮುಂದೆ ಬಹಳ ಚೊಕ್ಕಟವಾಗಿರುವುದನ್ನು ಕಂಡಿದ್ದೇನೆ, ಏಕೆಂದರೆ ಅದು ಯಾವ ತಪ್ಪನ್ನೂ ಮನ್ನಿಸುವುದಿಲ್ಲ. ಆದರೆ ಬೇಗ ಬೇಸರ ಪಡುವವರಿಗೆ ಅದು ಒಗ್ಗದು.

ಶಕ್ತಿ ಹೆಚ್ಚಿದ್ದರೆ ನಿಖರತೆಯೂ ಹೆಚ್ಚುತ್ತದೆಯೇ?

ಇಲ್ಲ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆಲ್ಲುವ ಏರ್ ರೈಫಲ್‌ನ ಶಕ್ತಿ ಸುಮಾರು ಏಳೂವರೆ ಜೌಲ್ ಮಾತ್ರ. ಕಾಗದದಲ್ಲಿ ತೂತು ಮಾಡಲು ಅಷ್ಟೂ ಬೇಡ. ಪೆಲೆಟ್‌ನ ವೇಗ ಶಬ್ದದ ವೇಗದ ಹತ್ತಿರ ಹೋದಂತೆ ಗಾಳಿಯ ಅಲೆಗಳು ಅದನ್ನು ಓಲಾಡಿಸುತ್ತವೆ. ಶಕ್ತಿ ಹೆಚ್ಚಿಸಿದ ಸ್ಪ್ರಿಂಗ್ ಬಂದೂಕನ್ನು ಎಳೆಯಲು ತೋಳಿನ ಬಲ ಹೆಚ್ಚು ಬೇಕು. ಇಪ್ಪತ್ತು ಗುಂಡಿನ ಹೊತ್ತಿಗೆ ಕೈ ನಡುಗುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ವೇಗದ ಅಂಕಿಯನ್ನು ನೋಡಿ ಬಂದೂಕು ಕೊಂಡು, ಅದನ್ನು ಎಳೆಯಲಾರದೆ ಮೂಲೆಗಿಟ್ಟವರು ಹಲವರು.

4.5 ಮಿಲಿಮೀಟರ್ ತೆಗೆದುಕೊಳ್ಳಲೇ, 5.5 ತೆಗೆದುಕೊಳ್ಳಲೇ?

ಗುರಿ ಶೂಟಿಂಗ್‌ಗೆ 4.5. ಪಂದ್ಯದ ನಿಯಮವೂ ಅದೇ, ಒಳ್ಳೆಯ ಪೆಲೆಟ್‌ಗಳು ಹೆಚ್ಚು ಬಗೆಯಲ್ಲಿ ಸಿಗುವುದೂ ಅದರಲ್ಲೇ.

ಪೆಲೆಟ್‌ಗಳಲ್ಲಿ ಅಷ್ಟು ವ್ಯತ್ಯಾಸ ಇದೆಯೇ?

ಬಂದೂಕಿಗಿಂತ ಹೆಚ್ಚು ಎಂದರೂ ತಪ್ಪಲ್ಲ. ಸೊಂಟ ಸಣ್ಣಗಿದ್ದು ಹಿಂಭಾಗ ಲಂಗದಂತೆ ಅಗಲವಾಗಿರುವುದು ಪೆಲೆಟ್‌ನ ಆಕಾರ. ಗಾಳಿಯ ಒತ್ತಡಕ್ಕೆ ಆ ಲಂಗ ಅರಳಿ ನಳಿಗೆಗೆ ಅಂಟಿಕೊಳ್ಳುತ್ತದೆ, ಹಾರುವಾಗ ಬಾಲದಂತೆ ನೇರ ಹಿಡಿಯುತ್ತದೆ. ಹತ್ತು ಮೀಟರ್ ಕಾಗದಕ್ಕೆ ಮೂತಿ ಚಪ್ಪಟೆಯಾದ ಪೆಲೆಟ್ ಬೇಕು. ಅದು ಕಾಗದವನ್ನು ಕತ್ತರಿಸಿದಂತೆ ದುಂಡಗಿನ ತೂತು ಮಾಡುತ್ತದೆ, ಅಂಕ ಓದಲು ಜಗಳವಿಲ್ಲ. ಇಪ್ಪತ್ತೈದು ಮೀಟರ್ ದಾಟಿದರೆ ಗುಮ್ಮಟ ಮೂತಿಯದು ಒಳ್ಳೆಯದು, ಚಪ್ಪಟೆ ಮೂತಿಯನ್ನು ಗಾಳಿ ಬೇಗ ತಡೆಯುತ್ತದೆ. ಚೂಪು ಮೂತಿಯ ಪೆಲೆಟ್ ನೋಡಲು ಚೆಂದ, ಗುರಿಗೆ ಅಷ್ಟಕ್ಕಷ್ಟೆ.

ನಾಲ್ಕೈದು ಬಗೆಯ ಪೆಲೆಟ್ ತಂದು ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು ಪ್ರತಿಯೊಂದರಲ್ಲೂ ಐದೈದು ಗುಂಡಿನ ಎರಡು ಗ್ರೂಪ್ ಹೊಡೆಯಿರಿ. ನಿಮ್ಮ ನಳಿಗೆ ಯಾವುದನ್ನು ಮೆಚ್ಚುತ್ತದೆ ಎಂದು ಅದೇ ಹೇಳುತ್ತದೆ. ಸಿಕ್ಕ ಮೇಲೆ ಬದಲಾಯಿಸಬೇಡಿ. ಲಂಗ ನೆಗ್ಗಿದ್ದನ್ನು ಪಕ್ಕಕ್ಕಿಡಿ. ಒಮ್ಮೆ ಹೊಡೆದ ಪೆಲೆಟ್ಟನ್ನು ಮತ್ತೆ ತುಂಬಬೇಡಿ.

ನಿಂತು ಹೊಡೆಯುವಾಗ ಬಂದೂಕು ಅಲುಗಾಡುತ್ತಲೇ ಇರುತ್ತದೆ. ನಿಲ್ಲಿಸುವುದು ಹೇಗೆ?

ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಜಗತ್ತಿನ ಶ್ರೇಷ್ಠ ಶೂಟರ್‌ಗಳ ನಳಿಗೆಯೂ ಅಲುಗುತ್ತದೆ, ಅವರ ಓಲಾಟ ಚಿಕ್ಕದು ಮತ್ತು ನಿಧಾನ, ಅಷ್ಟೇ. ಅಲುಗಾಟವನ್ನು ಒಪ್ಪಿಕೊಂಡ ದಿನ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಮೂಳೆಗಳ ಕೆಲಸ. ಸ್ನಾಯು ದಣಿಯುತ್ತದೆ, ನಡುಗುತ್ತದೆ, ಮೂಳೆ ದಣಿಯುವುದಿಲ್ಲ. ಬಲಗೈಯವರಾದರೆ ಎಡ ಮಗ್ಗುಲು ಗುರಿಯ ಕಡೆಗಿರಲಿ, ಪಾದಗಳು ಭುಜದಷ್ಟು ಅಗಲಕ್ಕೆ, ಮಂಡಿ ನೆಟ್ಟಗೆ, ಆದರೆ ಹಿಂದಕ್ಕೆ ಬಿಗಿಯದಂತೆ. ಸೊಂಟವನ್ನು ತುಸು ಗುರಿಯ ಕಡೆ ಒತ್ತಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೋ ಪಕ್ಕೆಲುಬಿನ ಮೇಲೋ ಊರಿ. ಮುಂದೋಳು ಕಂಬದಂತೆ ನೆಟ್ಟಗೆ ನಿಲ್ಲಬೇಕು, ರೈಫಲ್ ಅದರ ಮೇಲೆ ಸುಮ್ಮನೆ ಕೂರಬೇಕು. ಬಂದೂಕಿನ ಭಾರವನ್ನು ಸರಿದೂಗಿಸಲು ಬೆನ್ನು ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ತಲೆ ಮಾತ್ರ ನೆಟ್ಟಗಿರಲಿ. ಕೆನ್ನೆಯ ಬಳಿಗೆ ಬಂದೂಕು ಬರಬೇಕೇ ಹೊರತು ಬಂದೂಕಿನ ಬಳಿಗೆ ಕುತ್ತಿಗೆ ಹೋಗಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗುರಿ ಇಟ್ಟು, ಕಣ್ಣು ಮುಚ್ಚಿ, ಎರಡು ಬಾರಿ ಉಸಿರಾಡಿ, ಮೈ ಸಡಿಲ ಬಿಟ್ಟು, ಕಣ್ಣು ತೆರೆಯಿರಿ. ಬಂದೂಕು ಎತ್ತ ನೋಡುತ್ತಿದೆಯೋ ಅದೇ ನಿಮ್ಮ ಮೈಯ ಸಹಜ ದಿಕ್ಕು. ಅದು ಗುರಿಯ ಬಲಕ್ಕಿದ್ದರೆ ಕೈಯಿಂದ ಎಡಕ್ಕೆ ತಳ್ಳಬೇಡಿ, ಪಾದ ಸರಿಸಿ. ಕೈಯಿಂದ ತಳ್ಳಿದ ಬಂದೂಕು ಟ್ರಿಗರ್ ಬಿಡುವ ಹೊತ್ತಿಗೆ ತನ್ನ ಜಾಗಕ್ಕೆ ಮರಳಲು ನೋಡುತ್ತದೆ. "ಗುರಿ ಸರಿಯಾಗಿಯೇ ಇತ್ತು, ಆದರೂ ಬಲಕ್ಕೆ ಹೋಯಿತು" ಎಂಬ ದೂರಿನ ಬಹುಪಾಲು ಬೇರು ಇಲ್ಲಿದೆ.

ಟ್ರಿಗರ್ ಎಳೆಯುವುದು ಯಾವಾಗ? ಉಸಿರು?

ಎರಡು ಮೂರು ಆಳವಾದ ಉಸಿರು, ಆಮೇಲೆ ಅರ್ಧ ಬಿಟ್ಟು ಸಹಜವಾಗಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಆರರಿಂದ ಎಂಟು ಸೆಕೆಂಡಿನೊಳಗೆ ಗುಂಡು ಹೋಗಬೇಕು. ಹೋಗದಿದ್ದರೆ ಬಂದೂಕು ಇಳಿಸಿ. ಹತ್ತು ಸೆಕೆಂಡಿನ ಮೇಲೆ ಕಣ್ಣು ಮಂಜಾಗುತ್ತದೆ, ಆದರೆ ಮನಸ್ಸು ಮಾತ್ರ "ಇನ್ನೇನು ಬಂತು" ಎನ್ನುತ್ತಿರುತ್ತದೆ. ಇಳಿಸಲು ಕಲಿಯುವುದೇ ಒಂದು ವಿದ್ಯೆ. ನನಗೆ ಅದು ಬರಲು ಎರಡು ವರ್ಷ ಹಿಡಿಯಿತು.

ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತೆ ಇರಲಿ. ಒತ್ತಡವನ್ನು ನೇರವಾಗಿ ಹಿಂದಕ್ಕೆ, ಸ್ವಲ್ಪ ಸ್ವಲ್ಪವೇ ಏರಿಸಿ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಕಂಡೊಡನೆ ಕಿತ್ತುಕೊಂಡಂತೆ ಎಳೆದರೆ ಬಂದೂಕು ಜರುಗುತ್ತದೆ. ಸದ್ದಿಗೆ ಬೆದರಿ ಗುಂಡು ಹೋಗುವ ಗಳಿಗೆಯಲ್ಲೇ ರೆಪ್ಪೆ ಮುಚ್ಚುವವರಿದ್ದಾರೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ. ಗುಂಡು ಹೋದ ಮೇಲೂ ಎರಡು ಸೆಕೆಂಡು ಹಾಗೆಯೇ ನಿಂತು ಗುರಿಯನ್ನು ನೋಡುತ್ತಿರಿ. ಪೆಲೆಟ್‌ಗೆ ಹತ್ತು ಮೀಟರ್ ದಾಟಲು ಸೆಕೆಂಡಿನ ನೂರು ಭಾಗದಲ್ಲಿ ಆರು ಭಾಗ ಬೇಕು. ಅದು ನಳಿಗೆ ಬಿಡುವ ಮುಂಚೆಯೇ ತಲೆ ಎತ್ತುವ ಅಭ್ಯಾಸ ಬಿದ್ದರೆ ಬಿಡಿಸುವುದು ಬಹಳ ಕಷ್ಟ.

ಹತ್ತರ ಚುಕ್ಕೆ ನಿಜವಾಗಿ ಎಷ್ಟು ಚಿಕ್ಕದು?

ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಅರ್ಧ ಮಿಲಿಮೀಟರ್. ಇಡೀ ಗುರಿಯ ಹೊರವೃತ್ತ 45.5 ಮಿಲಿಮೀಟರ್. ಕೇಳಿದರೆ ಎದೆ ನಡುಗುತ್ತದೆ, ಆದರೆ ಪೆಲೆಟ್‌ನ ಅಂಚು ಚುಕ್ಕೆಯನ್ನು ತಾಕಿದರೂ ಹತ್ತೇ, ಆದ್ದರಿಂದ ನಡುವಿನಿಂದ ಎರಡೂವರೆ ಮಿಲಿಮೀಟರ್ ತನಕ ಸರಿಯಬಹುದು. ಒಲಿಂಪಿಕ್ಸ್‌ಗೆ ಏರ್ ರೈಫಲ್ ಬಂದದ್ದು 1984ರಲ್ಲಿ. ಈಗಿನ ಅರ್ಹತಾ ಸುತ್ತಿನಲ್ಲಿ 75 ನಿಮಿಷಕ್ಕೆ 60 ಗುಂಡು, ಅಂಕಗಳನ್ನು ದಶಾಂಶದಲ್ಲಿ ಎಣಿಸುತ್ತಾರೆ. ನಟ್ಟ ನಡುವೆ ಬಿದ್ದರೆ 10.9, ಎಲ್ಲವೂ ನಟ್ಟ ನಡುವೆ ಬಿದ್ದರೆ 654. ಐವತ್ತು ಮೀಟರ್ ಸ್ಮಾಲ್ ಬೋರ್‌ನಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ಅಲ್ಲಿ ಮಂಡಿಯೂರಿ, ಮಲಗಿ, ನಿಂತು ಮೂರು ಭಂಗಿಗಳಲ್ಲಿ ಹೊಡೆಯುತ್ತಾರೆ. ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತರ ವೃತ್ತ 11.5 ಮಿಲಿಮೀಟರ್. ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕಾದ್ದರಿಂದ ಅಷ್ಟು ಅಗಲ.

ಸ್ಕೋಪ್ ಇಲ್ಲದೆ ಗುರಿ ಇಡುವುದು ಹೇಗೆ?

ಪಂದ್ಯದ ರೈಫಲ್‌ನಲ್ಲಿ ಹಿಂದೆ ಒಂದು ಸಣ್ಣ ಕಿಂಡಿ, ಮುಂದೆ ಒಂದು ಉಂಗುರ. ಕಿಂಡಿಯ ಮೂಲಕ ನೋಡಿದಾಗ ಮುಂದಿನ ಉಂಗುರ ನಡುವೆ ಇರಬೇಕು, ಉಂಗುರದೊಳಗೆ ಕಪ್ಪು ಗುರಿ ಕೂತು ಸುತ್ತಲೂ ಬಿಳಿ ಅಂಚು ಒಂದೇ ಅಗಲಕ್ಕೆ ಕಾಣಬೇಕು. ಕಣ್ಣು ನೆಡಬೇಕಾದದ್ದು ಮುಂದಿನ ಉಂಗುರದ ಮೇಲೆ; ಗುರಿ ತುಸು ಮಂಜಾಗಿರಲಿ. ಉಂಗುರ ಕಾಲು ಮಿಲಿಮೀಟರ್ ಸರಿದರೂ ಹತ್ತು ಕೈತಪ್ಪುತ್ತದೆ, ಗುರಿ ಮಂಜಾದರೆ ಏನೂ ಆಗುವುದಿಲ್ಲ. ಹೊಸಬರು ಉಂಗುರವನ್ನು ತೀರ ಬಿಗಿಯಾದದ್ದು ಆರಿಸುತ್ತಾರೆ, ಬಿಳಿ ಅಂಚು ಕಾಣದೆ ಒದ್ದಾಡುತ್ತಾರೆ. ಒಂದು ಅಳತೆ ದೊಡ್ಡದನ್ನೇ ಹಾಕಿ.

ಸ್ಕೋಪ್‌ಗೆ ನನ್ನ ವಿರೋಧವಿಲ್ಲ. ಕಣ್ಣಿಗೆ ವಯಸ್ಸಾದವರಿಗೆ ಅದು ವರ. ಆದರೆ ಕಲಿಯುವಾಗ ಅದರಲ್ಲಿ ಕಾಣುವ ದೊಡ್ಡ ನಡುಕ ನೋಡಿ ಗಾಬರಿಯಾಗಿ ಟ್ರಿಗರ್ ಕೀಳುವುದು ಹೆಚ್ಚು.

ನಾನು ಬಲಗೈಯವನು, ಆದರೆ ನನ್ನ ಎಡಗಣ್ಣು ಚುರುಕು. ಏನು ಮಾಡಲಿ?

ಹೊಸಬರಾಗಿದ್ದರೆ ಬಂದೂಕನ್ನು ಎಡ ಭುಜಕ್ಕೆ ಬದಲಾಯಿಸಿ ಎನ್ನುತ್ತೇನೆ. ಕೈಗೆ ಕಲಿಸುವುದು ಸುಲಭ, ಕಣ್ಣಿಗೆ ಕಲಿಸುವುದು ಕಷ್ಟ. ಯಾವ ಕಣ್ಣು ಚುರುಕು ಎಂದು ತಿಳಿಯಲು ಎರಡು ಅಂಗೈಗಳ ನಡುವೆ ಸಣ್ಣ ಸಂದು ಮಾಡಿ ದೂರದ ವಸ್ತುವನ್ನು ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಸಂದಿನಲ್ಲೇ ಉಳಿಯುತ್ತದೆಯೋ ಅದು. ಬಹಳ ವರ್ಷ ಅಭ್ಯಾಸವಾದವರು ಗುರಿ ಇಡದ ಕಣ್ಣಿನ ಮುಂದೆ ಬಿಳಿ ತಡಿಕೆ ಹಾಕಿಕೊಳ್ಳಬಹುದು. ಕಣ್ಣನ್ನು ಬಿಗಿಯಾಗಿ ಮುಚ್ಚುವುದು ಬೇಡ, ಇನ್ನೊಂದು ಕಣ್ಣೂ ಜೊತೆಗೆ ದಣಿಯುತ್ತದೆ.

ಗುಂಡು ಎಡಕ್ಕೆ ಹೋಗುತ್ತಿದೆ. ಕಿಂಡಿಯನ್ನು ಯಾವ ಕಡೆ ತಿರುಗಿಸಲಿ?

ಹಿಂದಿನ ಕಿಂಡಿಯನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಿ. ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ.

ಆದರೆ ತಿರುಗಿಸುವ ಮುಂಚೆ ಐದು ಗುಂಡು ಹೊಡೆಯಿರಿ. ಐದೂ ಎಡದಲ್ಲಿ ಒತ್ತೊತ್ತಾಗಿ ಬಿದ್ದಿದ್ದರೆ ಅದು ಕಿಂಡಿಯ ದೋಷ. ಒಂದು ಎಡಕ್ಕೆ, ಒಂದು ಮೇಲಕ್ಕೆ, ಒಂದು ನಡುವೆ ಬಿದ್ದಿದ್ದರೆ ಅದು ನಿಮ್ಮದು. ಸ್ಕ್ರೂ ತಿರುಗಿಸುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆಗುತ್ತದೆ. ಒಂದೊಂದು ಗುಂಡಿನ ಬೆನ್ನು ಹತ್ತಿ ಕಿಂಡಿ ತಿರುಗಿಸುತ್ತಾ ಹೋದವರ ಗುರಿ ಕಾಗದ ಜರಡಿಯಂತಾಗುತ್ತದೆ. ಮೊದಲ ವರ್ಷ ಅಂಕಗಳನ್ನು ಮರೆತು, ತೂತುಗಳು ಎಷ್ಟು ಹತ್ತಿರ ಹತ್ತಿರ ಬೀಳುತ್ತಿವೆ ಎಂಬುದನ್ನೇ ನೋಡಿ.

ಗುಂಡಿಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದೇ?

ಮಾಡಬಹುದು ಮಾತ್ರವಲ್ಲ, ಮಾಡಲೇಬೇಕು. ಆದರೆ ಬಂದೂಕು ಯಾವುದು ಎಂದು ನೋಡಿಕೊಂಡು. ಪಂದ್ಯದ ಏರ್ ರೈಫಲ್‌ಗಳಲ್ಲಿ ಇದಕ್ಕೆಂದೇ ಒಂದು ಗುಂಡಿ ಇರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಇಲ್ಲದೆ ಎಂದಿಗೂ ಬಿಡಬೇಡಿ. ಪಿಸ್ಟನ್‌ಗೆ ಗಾಳಿಯ ಮೆತ್ತೆ ಸಿಗದೆ ಲೋಹಕ್ಕೆ ಲೋಹ ಬಡಿಯುತ್ತದೆ. ಹಲವು ಪಾಯಿಂಟ್ 22 ರೈಫಲ್‌ಗಳಲ್ಲಿ ಖಾಲಿ ಹೊಡೆದರೆ ಸೂಜಿ ನಳಿಗೆಯ ಹಿಂದಿನ ಅಂಚನ್ನೇ ಜಜ್ಜುತ್ತದೆ; ತಯಾರಕರ ಪುಸ್ತಿಕೆ ಓದಿ, ಬೇಕಿದ್ದರೆ ಅಣಕು ಕಾಡತೂಸು ಬಳಸಿ. ಖಾಲಿ ಗೋಡೆಯ ಎದುರು ದಿನಕ್ಕೆ ಹದಿನೈದು ನಿಮಿಷ ಉಂಗುರವನ್ನಷ್ಟೇ ನೋಡುತ್ತಾ ಟ್ರಿಗರ್ ಒತ್ತಿದವರು ವಾರಕ್ಕೊಮ್ಮೆ ನೂರು ಗುಂಡು ಸುಡುವವರನ್ನು ಹಿಂದೆ ಹಾಕುತ್ತಾರೆ. ಈ ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೇ ಒಂದು ನಿಜವಾದ ಗುಂಡು ಕೂಡ ಇರಬಾರದು.

ಐವತ್ತು ಮೀಟರ್‌ನಲ್ಲಿ ಎಲ್ಲ ಸರಿ ಮಾಡಿದರೂ ಗುಂಡು ಚದುರುತ್ತದೆ. ಏಕೆ?

ಎರಡು ಕಾರಣ. ಒಂದು ಕಾಡತೂಸು. ಒಂದೇ ಹೆಸರಿನ, ಒಂದೇ ಬೆಲೆಯ ಪೆಟ್ಟಿಗೆಗಳಲ್ಲೂ ಬೇರೆ ಬೇರೆ ದಿನ ತಯಾರಾದ ಕಂತುಗಳು ಒಂದೇ ನಳಿಗೆಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಗಂಭೀರವಾಗಿ ಸ್ಪರ್ಧಿಸುವವರು ಕಂತು ಸಂಖ್ಯೆ ನೋಡಿ ಪರೀಕ್ಷಿಸಿ ಒಟ್ಟಿಗೇ ಕೊಳ್ಳುವುದು ಅದಕ್ಕೇ. ಶಬ್ದಕ್ಕಿಂತ ವೇಗದ ಕಾಡತೂಸನ್ನು ಗುರಿಗೆ ಬಳಸಬೇಡಿ. ಅದು ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ತತ್ತರಿಸುತ್ತದೆ. ಪಾಯಿಂಟ್ 22 ಮ್ಯಾಗ್ನಮ್ ಎಂಬುದು ಬೇರೆಯದೇ ಕಾಡತೂಸು. ಎರಡನ್ನೂ ಅದಲು ಬದಲು ಮಾಡುವುದು ಅಪಾಯ.

ಇನ್ನೊಂದು ಗಾಳಿ. ಕೆನ್ನೆಗೆ ತಾಕಿ ಹೋಗುವಷ್ಟು ಗಾಳಿ ಬೀಸಿದರೂ ಗುಂಡು ಹತ್ತರಿಂದ ಆಚೆ ಸರಿಯುತ್ತದೆ. ರೇಂಜಿನ ಉದ್ದಕ್ಕೂ ಸಣ್ಣ ಬಾವುಟಗಳನ್ನು ನೆಟ್ಟಿರುತ್ತಾರೆ. ಪ್ರತಿ ಬದಲಾವಣೆಗೂ ಕಿಂಡಿ ತಿರುಗಿಸುವುದು ಹೊಸಬರ ಕೆಲಸವಲ್ಲ. ಹೆಚ್ಚು ಹೊತ್ತು ಬೀಸುವ ಗಾಳಿ ಯಾವುದು ಎಂದು ಗಮನಿಸಿ, ಅದಕ್ಕೆ ಕಿಂಡಿ ಹೊಂದಿಸಿ, ಬಾವುಟಗಳು ಹಾಗೆ ಹಾರುವಾಗ ಮಾತ್ರ ಹೊಡೆಯಿರಿ, ಉಳಿದಾಗ ಕಾಯಿರಿ. ಗಾಳಿಯನ್ನು ಓದುವುದು ಈ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಹುಲ್ಲಿನ ತುದಿ, ಬಿಸಿಲಿಗೆ ನೆಲದಿಂದ ಏಳುವ ಝಳ, ಪಕ್ಕದವರ ಬಾವುಟ ಎಲ್ಲವೂ ಏನೋ ಹೇಳುತ್ತಿರುತ್ತವೆ.

ಟ್ರಿಗರ್ ಒತ್ತಿದೆ, ಗುಂಡು ಸಿಡಿಯಲಿಲ್ಲ. ಮುಂದೆ?

ಬಂದೂಕು ಗುರಿಯ ಕಡೆಗೇ ಇರಲಿ. ಬೋಲ್ಟ್ ಮುಟ್ಟದೆ 30 ಸೆಕೆಂಡು ಎಣಿಸಿ, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆಮೇಲೆ ಮುಖ ಪಕ್ಕಕ್ಕಿಟ್ಟು ಬೋಲ್ಟ್ ತೆರೆಯಿರಿ. ಸದ್ದು ಎಂದಿಗಿಂತ ಮೆತ್ತಗಾಗಿ, ಗುರಿಯಲ್ಲಿ ತೂತು ಕಾಣದಿದ್ದರೆ ಇನ್ನೊಂದು ಗುಂಡನ್ನು ತುಂಬಲೇಬೇಡಿ. ಮೊದಲನೆಯದು ನಳಿಗೆಯಲ್ಲೇ ಸಿಕ್ಕಿರಬಹುದು. ಮೇಲ್ವಿಚಾರಕರನ್ನು ಕರೆಯಿರಿ.

ಸೀಸದಿಂದ ತೊಂದರೆ ಇಲ್ಲವೇ?

ಇದೆ, ಮತ್ತು ಬಹಳ ಮಂದಿ ಇದನ್ನು ಕಡೆಗಣಿಸುತ್ತಾರೆ. ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಹಳೆಯ ಚಾಳಿಯನ್ನು ಇವತ್ತೇ ಬಿಡಿ. ರೇಂಜಿನಲ್ಲಿ ಏನನ್ನೂ ತಿನ್ನಬೇಡಿ. ಮುಗಿದ ಮೇಲೆ ತಣ್ಣೀರು, ಸಾಬೂನಿನಿಂದ ಕೈ ಮುಖ ತೊಳೆಯಿರಿ. ಪಾಯಿಂಟ್ 22 ಕಾಡತೂಸಿನ ಅಂಚಿನ ಸ್ಫೋಟಕದಲ್ಲೂ ಸಾಮಾನ್ಯವಾಗಿ ಸೀಸವಿದ್ದು, ಹೊಗೆಯಲ್ಲಿ ಉಸಿರಿಗೆ ಸೇರುತ್ತದೆ. ಒಳಾಂಗಣ ರೇಂಜಿಗೆ ಗಾಳಿ ಹೊರದಬ್ಬುವ ವ್ಯವಸ್ಥೆ ಇರಲೇಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಸುರಿಯರು ಮತ್ತು ಪುಟ್ಟ ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ.

ಬಂದೂಕಿಗೆ ಎಣ್ಣೆ ಹಾಕುವುದು ಹೇಗೆ?

ಏರ್ ರೈಫಲ್‌ಗೆ ಆದಷ್ಟೂ ಕಡಿಮೆ. ಸ್ಪ್ರಿಂಗ್ ರೈಫಲ್‌ನ ಗಾಳಿ ಕೋಣೆಗೆ ಎಣ್ಣೆ ಸೇರಿದರೆ ಒತ್ತಡದ ಬಿಸಿಗೆ ಅದು ಹೊತ್ತಿ ಸಿಡಿಯುತ್ತದೆ, ಹೊಗೆ ಬರುತ್ತದೆ, ವಾಷರ್ ಹಾಳಾಗುತ್ತದೆ. ಸಿಲಿಂಡರ್ ರೈಫಲ್‌ನಲ್ಲಿ ಪೆಟ್ರೋಲಿಯಂ ಎಣ್ಣೆ ಮಹಾ ಅಪಾಯ; ತಯಾರಕರು ಹೇಳಿದ ಸಿಲಿಕಾನ್ ಗ್ರೀಸ್ ಮಾತ್ರ ಹಚ್ಚಬೇಕು. ಒಣ ಗಾಳಿ ಬಿಟ್ಟು ಬೇರೆ ಅನಿಲವನ್ನು ತುಂಬಬೇಡಿ; ಆಮ್ಲಜನಕವನ್ನು ತುಂಬಿದರೆ ಸ್ಫೋಟವೇ ಆಗಬಹುದು. ಸಿಲಿಂಡರ್ ಮೇಲೆ ಒತ್ತಿದ ತಾರೀಕು ನೋಡಿ. ಅವಧಿ ಮುಗಿದದ್ದನ್ನು ತುಂಬಬೇಡಿ. ನಳಿಗೆಗೆ ಆಗಾಗ ಉಣ್ಣೆಯ ಉಂಡೆ ಓಡಿಸಿದರೆ ಸಾಕು. ಸ್ಮಾಲ್ ಬೋರ್ ನಳಿಗೆಯನ್ನು ಯಾವಾಗಲೂ ಹಿಂದಿನಿಂದಲೇ ಶುಚಿ ಮಾಡಿ. ಮುಂದಿನ ಬಾಯಿಯ ಅಂಚಿಗೆ ಗೀರು ಬಿದ್ದರೆ ನಿಖರತೆ ಹೋಯಿತು.

ದಪ್ಪ ಜಾಕೆಟ್, ವಿಶೇಷ ಬೂಟು ಬೇಕೇ?

ಮೊದಲ ವರ್ಷ ಬೇಡ. ಚಪ್ಪಟೆ ಅಟ್ಟೆಯ ಬೂಟು, ಸಡಿಲವಲ್ಲದ ಅಂಗಿ ಸಾಕು. ಜಾಕೆಟ್ ಬೆನ್ನಿಗೆ ಆಸರೆ ಕೊಡುವುದು ನಿಜ, ಆದರೆ ತಪ್ಪು ಭಂಗಿಗೂ ಅಷ್ಟೇ ಆಸರೆ ಕೊಡುತ್ತದೆ.

ಮನೆಯಲ್ಲೇ ಏರ್ ರೈಫಲ್ ಅಭ್ಯಾಸ ಮಾಡಬಹುದೇ?

ನಿಮ್ಮ ಊರಿನ ಕಾನೂನು ಒಪ್ಪಿದರೆ ಮಾತ್ರ. ಪರವಾನಗಿ, ವಯಸ್ಸು, ಶಕ್ತಿಯ ಮಿತಿ ಎಲ್ಲವೂ ದೇಶದಿಂದ ದೇಶಕ್ಕೆ ಬೇರೆ. ಕೊಳ್ಳುವ ಮುಂಚೆಯೇ ವಿಚಾರಿಸಿ. ಪೆಲೆಟ್ಟನ್ನು ಹಿಡಿಯಲು ದಪ್ಪ ತಗಡಿನ ಓರೆ ಹಲಗೆಯ ಪೆಟ್ಟಿಗೆ ಬೇಕು. ಅದರ ಹಿಂದೆ ಗಟ್ಟಿ ಗೋಡೆ ಇರಬೇಕು, ಕಿಟಕಿಯಲ್ಲ, ಬೇಲಿಯಲ್ಲ. ಗುರಿ ಮತ್ತು ನಿಮ್ಮ ನಡುವೆ ಬಾಗಿಲಿದ್ದರೆ ಅದನ್ನು ಒಳಗಿನಿಂದ ಬೀಗ ಹಾಕಿ. ಬಂದೂಕು ಒಂದು ಕಡೆ, ಪೆಲೆಟ್ ಇನ್ನೊಂದು ಕಡೆ, ಎರಡಕ್ಕೂ ಬೀಗ.

ಇದಕ್ಕೆ ದೇಹಬಲ ಬೇಕೇ? ಹೆಂಗಸರು, ವಯಸ್ಸಾದವರು, ಅಂಗವಿಕಲರು ಆಡಬಹುದೇ?

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸ್ಮಾಲ್ ಬೋರ್ ಮೂರು ಭಂಗಿಗಳ ಸ್ಪರ್ಧೆ ಗಂಡು ಹೆಣ್ಣು ಎಲ್ಲರಿಗೂ ಒಂದೇ ಆಗಿತ್ತು. ಅಮೆರಿಕದ ಮಾರ್ಗರೆಟ್ ಮರ್ಡಾಕ್ ಮತ್ತು ಲ್ಯಾನಿ ಬ್ಯಾಶಮ್ ಸಮ ಅಂಕ ಗಳಿಸಿದರು. ನಿಯಮದಂತೆ ಚಿನ್ನ ಬ್ಯಾಶಮ್‌ಗೆ ಹೋಯಿತು. ರಾಷ್ಟ್ರಗೀತೆ ನುಡಿಯುವಾಗ ಅವರು ಮರ್ಡಾಕ್ ಅವರ ಕೈ ಹಿಡಿದು ತಮ್ಮ ಮೆಟ್ಟಿಲಿಗೇ ಎಳೆದುಕೊಂಡರು. ಆ ಘಟನೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬಿಕೊಳ್ಳುತ್ತದೆ.

ಅದೇ ವರ್ಷ ಟೊರಾಂಟೊದಲ್ಲಿ ಶೂಟಿಂಗ್ ಪ್ಯಾರಾಲಿಂಪಿಕ್ಸ್‌ಗೂ ಬಂತು. ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವವರಿದ್ದಾರೆ; ತೋಳಿನಲ್ಲಿ ಬಲವಿಲ್ಲದವರಿಗೆ ರೈಫಲ್ಲನ್ನು ಸ್ಪ್ರಿಂಗ್ ಇರುವ ಊರುಗೋಲಿನ ಮೇಲೆ ಇಡಲು ನಿಯಮವೇ ಅವಕಾಶ ಕೊಡುತ್ತದೆ. ದೃಷ್ಟಿ ಇಲ್ಲದವರು ಹೆಡ್‌ಫೋನಿನಲ್ಲಿ ಬರುವ ಸ್ವರದ ಏರಿಳಿತ ಕೇಳಿ ಗುರಿ ಇಡುತ್ತಾರೆ. ನಳಿಗೆ ಕೇಂದ್ರದ ಹತ್ತಿರ ಬಂದಂತೆ ಸ್ವರ ಬದಲಾಗುತ್ತದೆ. ಒಮ್ಮೆ ಕಣ್ಣು ಕಟ್ಟಿಕೊಂಡು ಪ್ರಯತ್ನಿಸಿದ್ದೆ. ಟ್ರಿಗರ್ ಮೇಲಿನ ನನ್ನ ಬೆರಳು ಎಷ್ಟು ಅವಸರದ್ದು ಎಂದು ಗೊತ್ತಾದದ್ದು ಅಂದು.

ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಕಲಿಸಬಹುದು?

ಕಾನೂನಿನ ವಯಸ್ಸು ಮೊದಲು. ಆಮೇಲೆ ನಾನು ನೋಡುವುದು ಒಂದನ್ನೇ: "ನಿಲ್ಲಿಸು" ಎಂದ ತಕ್ಷಣ, ಆಟ ಎಷ್ಟೇ ರಂಗೇರಿದ್ದರೂ, ಮಗು ನಿಲ್ಲಿಸುತ್ತದೆಯೇ? ನಿಲ್ಲಿಸುವ ಮಗುವಿಗೆ ಮೇಜಿನ ಮೇಲೆ ಆಸರೆ ಇಟ್ಟು ಹಗುರವಾದ ರೈಫಲ್‌ನಿಂದ ಶುರು ಮಾಡಬಹುದು, ದೊಡ್ಡವರು ಕೈಯಳತೆಯಲ್ಲೇ ಇರಬೇಕು. ಇಪ್ಪತ್ತು ಗುಂಡಿಗಿಂತ ಹೆಚ್ಚು ಬೇಡ.

ಅಂಕ ಒಂದೇ ಕಡೆ ನಿಂತುಬಿಟ್ಟಿದೆ. ತಿಂಗಳುಗಳಾದವು.

ಒಂದು ನೋಟ್ ಪುಸ್ತಕ ತನ್ನಿ. ಪ್ರತಿ ಗುಂಡು ಹೋದೊಡನೆ, ಪರದೆಯನ್ನಾಗಲಿ ಕಾಗದವನ್ನಾಗಲಿ ನೋಡುವ ಮುಂಚೆ, ಅದು ಎಲ್ಲಿ ಬಿದ್ದಿರಬಹುದು ಎಂದು ಒಂದು ಚುಕ್ಕೆ ಇಡಿ. ಆಮೇಲೆ ನಿಜವಾಗಿ ಬಿದ್ದ ಜಾಗದಲ್ಲಿ ಇನ್ನೊಂದು ಚುಕ್ಕೆ. ಎರಡೂ ಹತ್ತಿರವಿದ್ದರೆ ನಿಮ್ಮ ತಪ್ಪು ನಿಮಗೆ ಕಾಣುತ್ತಿದೆ ಎಂದರ್ಥ, ತಿದ್ದಿಕೊಳ್ಳಬಹುದು. ದೂರವಿದ್ದರೆ ಟ್ರಿಗರ್ ಒತ್ತುವ ಗಳಿಗೆಯಲ್ಲಿ ನೀವು ಉಂಗುರವನ್ನು ನೋಡುತ್ತಿಲ್ಲ.

ಜೊತೆಗೆ ಪ್ರತಿ ಗುಂಡಿಗೂ ಒಂದೇ ಕ್ರಮ ಕಟ್ಟಿಕೊಳ್ಳಿ: ಗುರಿಯ ಸಂಖ್ಯೆ ನೋಡು, ತುಂಬು, ಕೆನ್ನೆ ಇಡು, ಉಸಿರು, ಒತ್ತಡ, ನಿಲುವು. ಮೊದಲ ಹೆಜ್ಜೆಯಾಗಿ ಗುರಿಯ ಸಂಖ್ಯೆಯನ್ನು ಇಟ್ಟದ್ದಕ್ಕೆ ಕಾರಣವಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೂರು ಭಂಗಿಗಳ ಅಂತಿಮ ಸುತ್ತಿನಲ್ಲಿ ಅಮೆರಿಕದ ಮ್ಯಾಥ್ಯೂ ಎಮ್ಮನ್ಸ್ ಮುಂದಿದ್ದರು, ಉಳಿದದ್ದು ಒಂದೇ ಗುಂಡು. ಅವರು ಅದನ್ನು ಪಕ್ಕದವರ ಗುರಿಗೆ ಹೊಡೆದರು. ಆ ಗುಂಡಿಗೆ ಅಂಕ ಸಿಗಲಿಲ್ಲ, ಅವರು ಎಂಟನೆಯ ಸ್ಥಾನಕ್ಕೆ ಇಳಿದರು. ನನ್ನ ಪುಸ್ತಕದ ಪ್ರತಿ ಹಾಳೆಯ ತಲೆಯಲ್ಲಿ ಆ ದಿನ ನಾನು ನಿಂತ ಗುರಿಯ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದಿರುತ್ತೇನೆ.